ಸುಮತಿಯ ಪಿಂಗಾಣಿ ಹಲ್ಲು

ನನ್ನ ತಂಗಿ ಸುಮತಿ ಬಚ್ಚಲಿನಲ್ಲಿ ಜಾರಿ ಬಿದ್ದಿರಲಿಲ್ಲ. ಅವಳ ಎದುರಿನ ಹಲ್ಲು ಮುರಿದವನು ಅವಳ ಗಂಡ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ಸಲ ಸುಳ್ಳು ಹೇಳಿದೆ — ಒಮ್ಮೆ ಹಲ್ಲಿನ ಡಾಕ್ಟರರ ಮುಂದೆ, ಇನ್ನೊಮ್ಮೆ ಹಿರಿಯರ ಮುಂದೆ. ಮೊದಲನೆಯದನ್ನು ಅವಳು ಮರೆತರೂ ಮರೆತಾಳು. ಎರಡನೆಯದನ್ನು ಮರೆಯಬಾರದು.

ಅವನ ಮನೆ ವೇಣೂರಿನಲ್ಲಿ. ಗದ್ದೆ, ಅಂಗಡಿ, ನಾಲ್ಕು ಜನ ಎದ್ದು ನಿಲ್ಲುವಂಥ ಗತ್ತು. ನಾನು ಮೂಡುಬಿದಿರೆಯ ಒಂದು ಶಾಲೆಯಲ್ಲಿ ಟೀಚರು; ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಶಾಲೆಯ ಕಮಿಟಿಯಲ್ಲಿ ಅವನಿದ್ದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆತನ, ಮರ್ಯಾದೆ ಎಂದು ಆಮೇಲೆ ನಾನು ಹೇಳಿಕೊಂಡದ್ದೆಲ್ಲ ಬರೀ ಹೊದಿಕೆ.

ಒಂದು ಮಧ್ಯಾಹ್ನ ಸುಮತಿ ಕೂಸನ್ನು ಸೊಂಟದಲ್ಲಿಟ್ಟುಕೊಂಡು, ಸೆರಗನ್ನು ಬಾಯಿಗೆ ಒತ್ತಿಕೊಂಡು ಬಸ್ಸಿನಿಂದ ಇಳಿದಳು. "ಚೆಂಬಿನಲ್ಲಿ ಹೊಡೆದದ್ದು ಅಕ್ಕ," ಎಂದಳು. ಅಷ್ಟೇ. ಅಳಲಿಲ್ಲ.

ಊರಿನವರ ಕಣ್ಣು ತಪ್ಪಿಸಲು ಅವಳನ್ನು ಬಂಟ್ವಾಳಕ್ಕೆ ಕರೆದುಕೊಂಡು ಹೋದೆ. ಡಾಕ್ಟರರು ಮುರಿದ ಹಲ್ಲನ್ನು ನೋಡಿದರು, ಒಡೆದ ತುಟಿಯನ್ನೂ ನೋಡಿದರು. "ಹೇಗಾಯ್ತು?" ಸುಮತಿ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಬಚ್ಚಲಿನಲ್ಲಿ ಜಾರಿದ್ದು."

ಅವರು ಮುರಿದ ಹಲ್ಲಿಗೆ ತೊಡಿಸುವ ಮೂರು ಬಗೆಯ ಕ್ಯಾಪುಗಳನ್ನು ಮೇಜಿನ ಮೇಲಿಟ್ಟರು. "ಚಿನ್ನದ್ದು ಗಟ್ಟಿ, ಜನ್ಮಕ್ಕೆ ಬರ್ತದೆ. ಆದರೆ ಎದುರಿನ ಹಲ್ಲಲ್ಲವಾ, ಬಾಯಿ ತೆರೆದರೆ ಕಾಣ್ತದೆ. ಈ ಪ್ಲಾಸ್ಟಿಕ್ಕಿನದ್ದು ಬೇಗ ಸವೀತದೆ, ಹಳದಿ ಆಗ್ತದೆ. ಪಿಂಗಾಣಿಯದ್ದು ಹಲ್ಲಿನ ಹಾಗೇ ಉಂಟು, ಮದರಾಸಿನಲ್ಲಿ ಮಾಡಿಸಿ ತರಿಸ್ಬೇಕು. ಗೊತ್ತೇ ಆಗುವುದಿಲ್ಲ. ಆದರೆ," — ಅವರು ನನ್ನನ್ನೇ ನೋಡಿದರು — "ಪೆಟ್ಟು ತಾಗಿದರೆ ಒಡೀತದೆ."

"ನನಗೆ ಚಿನ್ನದ್ದು ಹಾಕಿ," ಎಂದಳು ಸುಮತಿ. "ಕಾಣಲಿ. ಎಂತ ಆಯ್ತು ಅಂತ ಕೇಳಿದವರಿಗೆ ನಾನೇ ಹೇಳ್ತೇನೆ."

ಅವಳಿಗೆ ಬೇಕಾದದ್ದು ಹಲ್ಲಲ್ಲ, ಸಾಕ್ಷಿ. ಅದು ನನಗೆ ಆ ಕ್ಷಣವೇ ಅರ್ಥವಾಯಿತು. ಅರ್ಥವಾದದ್ದಕ್ಕೇ ಹೇಳಿದೆ: "ಅವಳ ಮಾತು ಬಿಡಿ ಡಾಕ್ಟರೆ. ಪಿಂಗಾಣಿಯದ್ದೇ ಆಗಲಿ."

ಕ್ಯಾಪ್ ಬಂದ ದಿನ ಮತ್ತೆ ಹೋದೆವು. ಎಷ್ಟು ಚೆನ್ನಾಗಿ ಕೂತಿತೆಂದರೆ, ಮುರಿದ ಹಲ್ಲು ಯಾವುದೆಂದು ನನಗೇ ತಿಳಿಯಲಿಲ್ಲ. ಸಮಾಧಾನವಾಯಿತು ನನಗೆ — ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಬೇಕೆನಿಸುತ್ತದೆ. ಪೆಟ್ಟು ತಡೆಯದ ಹಲ್ಲನ್ನು ಇಡಿಸಿ, ಪೆಟ್ಟು ಕೊಡುವವನ ಮನೆಗೆ ಅವಳನ್ನು ನಾನೇ ಕೈಹಿಡಿದು ಬಸ್ಸು ಹತ್ತಿಸಿದೆ.

ಮುಂದಿನ ಮಳೆಗಾಲದೊಳಗೆ ಅದು ಒಡೆಯಿತು. ಈ ಸಲ ಅವಳು ನನ್ನ ಬಳಿಗೆ ಬರಲಿಲ್ಲ. ಕೂಸನ್ನು ಅವನು ಬಿಟ್ಟುಕೊಡಲಿಲ್ಲ; ಬೆಳ್ತಂಗಡಿಯಲ್ಲಿದ್ದ ಗೆಳತಿಯ ಮನೆ ಸೇರಿ, "ಕೂಸು ನನಗೆ ಬೇಕು" ಎಂದು ಹೇಳಿಕಳಿಸಿದಳು. ತೀರ್ಮಾನಕ್ಕೆ ಊರಿನ ಹಿರಿಯರು ಸೇರಿದರು. ಅವನು ಬಿಳಿ ಪಂಚೆಯುಟ್ಟು ಕೈಕಟ್ಟಿ ಕುಳಿತಿದ್ದ. ಹಿಂದೆಯೂ ಹೊಡೆದದ್ದಕ್ಕೆ ಯಾರು ಸಾಕ್ಷಿ ಎಂದು ಅವರು ಕೇಳಿದರು.

"ನನ್ನ ಅಕ್ಕನಿಗೆ ಗೊತ್ತುಂಟು," ಎಂದಳು ಸುಮತಿ. ಎಷ್ಟು ಭರವಸೆಯಿಂದ —

"ಬಚ್ಚಲಿನಲ್ಲಿ ಜಾರಿದ್ದು ಅಂತ ಅವಳೇ ಹೇಳಿದ್ದು," ಎಂದೆ ನಾನು.

ಅವನು ತಲೆ ಎತ್ತಲೂ ಇಲ್ಲ. ಅಷ್ಟು ಖಾತ್ರಿ ಇತ್ತು ಅವನಿಗೆ ನನ್ನ ಮೇಲೆ. ಹೆಂಗಸು ಸುಳ್ಳುಗಾರ್ತಿ ಎಂದು ಹಿರಿಯರು ತೀರ್ಮಾನಿಸಿದರು. ಎಲೆಯಡಿಕೆ ಹಾಕಿಕೊಂಡು ಎದ್ದರು. ಕೂಸು ಅವನ ಮನೆಯಲ್ಲೇ ಉಳಿಯಿತು. ನನ್ನ ಕೆಲಸ ಖಾಯಂ ಆಯಿತು. ಸುಮತಿ ಬೆಳ್ತಂಗಡಿಯಲ್ಲಿ ಬಟ್ಟೆ ಹೊಲಿದು ಬದುಕಿದಳು. ಅವನು ಸತ್ತ ಮೇಲೆ ಶಾಲೆಯಲ್ಲಿ ಅವನ ಪಟ ತೂಗುಹಾಕಿದರು. ಅದಕ್ಕೆ ಹಾರ ಹಾಕಿದವರಲ್ಲಿ ನಾನೂ ಒಬ್ಬಳು.

ಆ ಕೂಸು, ಪ್ರಭಾಕರ, ಮೀಸೆ ಚಿಗುರಿದ ಹುಡುಗನಾಗಿ ಒಂದು ದಿನ ನನ್ನ ಮನೆಗೆ ಬಂದ. "ದೊಡ್ಡಮ್ಮ, ಅಮ್ಮ ನನ್ನನ್ನು ಯಾಕೆ ಬಿಟ್ಟು ಹೋದದ್ದು?"

ಹೇಳಿದೆ. ಎಲ್ಲವನ್ನೂ. ಅವನು ಬೈಯಲಿಲ್ಲ. "ಬೆಳ್ತಂಗಡಿಗೆ ಹೋಗುವ. ಇದನ್ನು ಅಮ್ಮನ ಎದುರು ಹೇಳಿ," ಎಂದ.

ಹೋದೆವು. ಸುಮತಿಯ ಅಂಗಳದಲ್ಲಿ ನಿಂತು ಹೇಳಿದೆ. ಅಕ್ಕಪಕ್ಕದ ಹೆಂಗಸರಿಗೂ ಕೇಳುವಷ್ಟು ಗಟ್ಟಿಯಾಗಿ. ಅವಳು ಹೊಲಿಗೆಯಂತ್ರದಿಂದ ಎದ್ದಳು. ನನ್ನನ್ನು ದಾಟಿ ಮಗನ ಹತ್ತಿರ ಹೋದಳು.

"ಊಟ ಆಯ್ತಾ ನಿನ್ನದು?"

ಅವನು ಇಲ್ಲವೆಂದು ತಲೆಯಾಡಿಸಿದ. ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಬಾಗಿಲು ಹಾಕಿಕೊಂಡಳು.

ನಾನು ಬಸ್ ನಿಲ್ದಾಣಕ್ಕೆ ನಡೆದೆ. ಅವಳು ಕರೆದಾಳೆಂಬ ಆಸೆಯಲ್ಲಿ ಹಿಂತಿರುಗಿ ನೋಡಲಿಲ್ಲ — ಕಾಯುವ ಹಕ್ಕು ನನಗಿರಲಿಲ್ಲ.