ಮಲಗಿದವರ ಅಳತೆ

ಮುಂಬೈ ನನ್ನನ್ನು ಮೊದಲು ಮಾತಾಡಿಸಿದ್ದು ಏಟಿನಿಂದ. ದಾದರ್‌ನಲ್ಲಿ ವಿರಾರ್ ಫಾಸ್ಟ್ ಲೋಕಲ್ ಹತ್ತಿದ್ದೆ. ಬೊರಿವಲಿಯಲ್ಲಿ ಇಳಿದು ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಅಂದೇ ಹಾಜರಾಗಬೇಕಿತ್ತು. ವಿರಾರ್ ಗಾಡಿ ದೂರ ಹೋಗುವವರದು, ನಡುವೆ ಬೊರಿವಲಿಗೆ ಇಳಿಯುವವರು ಅದನ್ನು ಹತ್ತಬಾರದು ಎಂಬ ಕಟ್ಟಳೆ ಇದೆಯೆಂದು ನನಗೆ ಯಾರು ಹೇಳಬೇಕು? ಅದು ಯಾವ ಬೋರ್ಡಿನಲ್ಲೂ ಇಲ್ಲ, ಹೆಂಗಸರ ಮೊಣಕೈಯಲ್ಲಿದೆ. "ಬೊರಿವಲಿ" ಎಂದು ಬಾಯಿಬಿಟ್ಟಿದ್ದೇ ತಡ, ಒಬ್ಬಳು ಜಡೆ ಹಿಡಿದು ಜಗ್ಗಿದಳು, ಇನ್ನೊಬ್ಬಳ ಮೊಣಕೈ ಪಕ್ಕೆಗೆ ಬಿತ್ತು. "ಬೊರಿವಲಿ ಉತರನಾ ಥಾ ತೋ ಬೊರಿವಲಿ ಗಾಡಿ ಪಕಡನಾ!" ಎಂದು ಮುಖದ ಮೇಲೇ ಕಿರುಚಿದರು. ನಾನೂ ಸುಮ್ಮನೆ ಹೊಡೆಸಿಕೊಳ್ಳುವ ಪೈಕಿಯಲ್ಲ. ಯಾರದೋ ಕಾಲು ತುಳಿದು, ಇನ್ನಾರದೋ ಬೆನ್ನಿಗೆ ಗುದ್ದಿ, ಪ್ಲಾಟ್‌ಫಾರ್ಮಿನ ಮೇಲೆ ಬಿದ್ದೆ. ತುಟಿ ಒಡೆದು ರಕ್ತ ಬರುತ್ತಿತ್ತು.

ವಾರ್ಡಿನ ಮುಖ್ಯ ನರ್ಸ್ ಸುರೇಖಾತಾಯಿ ನನ್ನ ಮುಖ ನೋಡಿ, "ವಿರಾರ್ ಲೋಕಲ್ ಕಾ?" ಎಂದಷ್ಟೇ ಕೇಳಿ ಹತ್ತಿ ಕೊಟ್ಟರು. ಇಲ್ಲಿ ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಆ ಅಕ್ಕ ನನಗೆ ಕೊಟ್ಟ ಮೊದಲ ಪ್ರೀತಿ ಆ ಹತ್ತಿಯ ಉಂಡೆ.

ಮೊದಲು ಆಂಟಾಪ್ ಹಿಲ್‌ನಲ್ಲಿ ದೂರದ ಚಿಕ್ಕಮ್ಮನ ಮನೆಯಲ್ಲಿದ್ದೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳ ಮಕ್ಕಳು ಹಿಂದಿಯಲ್ಲಿ ಉತ್ತರಿಸುತ್ತಿದ್ದರು. ಓಡಾಟ ತಾಳಲಾರದೆ ಕಾಂದಿವಲಿಯ ಒಂದು ಚಾಳಿನ ಕೋಣೆಗೆ ಬಂದೆ. ನಮ್ಮೂರು ಸಿಂದಗಿಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಬೇವಿನ ಮರವಿತ್ತು. ಇಲ್ಲಿ ಇರುವುದು ಒಂದು ತಗಡು. ಆ ತಗಡಿನ ಆಚೆ ಗಂಡ ಹೆಂಡತಿಯನ್ನು ಬಡಿಯುವ ಸದ್ದು ಕೇಳಿಸಿಕೊಂಡೇ ನಾನು ರೊಟ್ಟಿ ತಟ್ಟುತ್ತಿದ್ದೆ. ಒಮ್ಮೆ ಲಟ್ಟಣಿಗೆ ಹಿಡಿದು ಹೋಗಿ ಬಾಗಿಲು ಬಡಿದೆ. ಬಾಗಿಲು ತೆರೆದ ಆ ಹೆಂಡತಿಯೇ ನನ್ನನ್ನು ಬೈದು ಅಟ್ಟಿದಳು. ಅಂದು ನಾನು ಅತ್ತುಬಿಟ್ಟೆ, ರೊಟ್ಟಿಯೂ ಸೀದಿತ್ತು.

ಆಸ್ಪತ್ರೆಯಲ್ಲಿ ನನ್ನ ಪಾಲಿಗೆ ಬಂದದ್ದು, ಬಂದವರ ಮೈಗೆ ಅನ್ನ ಎಷ್ಟು ಹತ್ತಿದೆ ಎಂದು ನೋಡುವ ಕೆಲಸ. ನಮ್ಮೂರಲ್ಲಿ ಕಟ್ಟೆಯ ಮೇಲೆ ಕೂತವರು "ಯಾಕವ್ವ, ಸೊರಗೀದಿ?" ಎಂದರೆ ಪರೀಕ್ಷೆ ಮುಗಿಯಿತು. ಇಲ್ಲಿ ವಯಸ್ಸಿಗೊಂದು ಅಳತೆ. ಎರಡು ವರ್ಷ ತುಂಬದ ಮಗುವನ್ನು ಹಲಗೆಯ ಮೇಲೆ ಮಲಗಿಸಿ ಉದ್ದ ನೋಡಬೇಕು, ತೋಳಿಗೆ ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ ಸುತ್ತಬೇಕು. ದೊಡ್ಡವರಿಗೂ ತೋಳು ಅಳೆದು ತೂಕ ನೋಡಬೇಕು, ಕುಪ್ಪಸ ಸಡಿಲಾಗಿದೆಯೇ ಎಂದು ಕೇಳಬೇಕು. ನಿಲ್ಲಲಾರದ ಮುದುಕರಿಗೆ ಮೊಣಕಾಲಿನ ಎತ್ತರ ಅಳೆದು ಆಳಿನ ಎತ್ತರ ಅಂದಾಜು ಮಾಡಬೇಕು, ಮೀನಖಂಡದ ದಪ್ಪ ನೋಡಬೇಕು, ಬಾಯಿ ತೆರೆಸಬೇಕು.

ಅಳೆಯಲು ಬಟ್ಟೆ ಸರಿಸಲೇಬೇಕು. ಸರಿಸಿದಾಗ ಬೇರೆಯದೂ ಕಾಣುತ್ತದೆ. ಒಬ್ಬ ಹೊಸ ಸೊಸೆಯ ತೋಳಿಗೆ ಪಟ್ಟಿ ಸುತ್ತಲು ಹೋದರೆ, ಅದೇ ಜಾಗದಲ್ಲಿ ಯಾರದೋ ಐದು ಬೆರಳು ನೀಲಿಗಟ್ಟಿದ್ದವು. ಮುದುಕರೊಬ್ಬರ ಹಲ್ಲಿನ ಸೆಟ್ಟನ್ನು, ಉಂಡು ಉಂಡು ಹಾಸಿಗೆ ಹೊಲಸು ಮಾಡುತ್ತಾರೆಂದು, ಮಗ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. ಹಸಿವು ಬಡತನದಿಂದ ಬರುತ್ತದೆ ಎಂದು ಓದಿಕೊಂಡು ಬಂದವಳು ನಾನು. ಮನೆಯವರ ಕೈಯಿಂದಲೂ ಬರುತ್ತದೆ ಎಂದು ಇಲ್ಲಿ ಕಲಿತೆ. ಆ ಮಗನ ಹಲ್ಲನ್ನೂ ಒಂದೊಂದಾಗಿ ಕಿತ್ತು ಅದೇ ಕಪಾಟಿನಲ್ಲಿ ಇಡಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು.

ನೀಲಿ ಬಂದದ್ದು ಒಂದು ಮಳೆಗಾಲದ ಮಧ್ಯಾಹ್ನ. ಒಂದೂವರೆ ವರ್ಷದ ಹುಡುಗಿ. ಅಪ್ಪ ಬೀರಪ್ಪ, ಅವನ ಹೆಂಡತಿ, ಅವನ ತಾಯಿ ಗಂಗವ್ವ ಮೂವರೂ ಕಾಂದಿವಲಿಯಲ್ಲಿ ಏಳುತ್ತಿದ್ದ ಬಿಲ್ಡಿಂಗಿನಲ್ಲಿ ಇಟ್ಟಿಗೆ ಹೊರುವವರು. ನಮ್ಮ ತಾಲೂಕಿನವರೇ. ಮಗುವಿಗೆ ಭೇದಿ ನಿಲ್ಲುತ್ತಿಲ್ಲವೆಂದು ತಂದಿದ್ದರು. ಭಾಷೆ ಬಾರದೆ ಕಂಗಾಲಾಗಿದ್ದವರು ನನ್ನ ಬಾಯಲ್ಲಿ "ಯಾವೂರ್ರಿ ನಿಮ್ದು?" ಎಂಬುದು ಬರುತ್ತಲೇ ಅರಳಿಹೋದರು. ಗಂಗವ್ವನಂತೂ ನನ್ನ ಗಲ್ಲ ಸವರಿ, "ನಮ್ಮಾಕಿನೇ ಸಿಕ್ಳವ್ವ, ಇನ್ನ ಚಿಂತಿಲ್ಲ" ಎಂದಳು. ಆ ಮಾತಿಗೆ ನಾನೂ ಉಬ್ಬಿಹೋದೆ.

ಮಗುವಿನ ಗಲ್ಲಗಳು ತುಂಬಿಕೊಂಡಿದ್ದವು. ಬೀರಪ್ಪ ಹೆಮ್ಮೆಯಿಂದ ಹೇಳಿದ, "ಬರೇ ಚಾ ಬಿಸ್ಕೀಟು ತಿಂದು ಹ್ಯಾಂಗ ಗುಂಡಗ ಆಗ್ಯಾಳ ನೋಡ್ರಿ. ಭೇದಿ ಒಂದು ನಿಂದರಸ್ರಿ ಸಾಕು." ನಾನು ಅವಳ ಪಾದದ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟೆ. ನಾದಿದ ಹಿಟ್ಟಿನಲ್ಲಿ ಬಿದ್ದಂತೆ ಗುಳಿ ಬಿತ್ತು, ಮೇಲೇಳಲಿಲ್ಲ. ಇನ್ನೊಂದು ಪಾದದಲ್ಲೂ ಹಾಗೆಯೇ. ಕೂದಲು ತಾಮ್ರದ ಬಣ್ಣಕ್ಕೆ ತಿರುಗಿತ್ತು, ತೊಡೆಯ ಚರ್ಮ ಸುಲಿಯುತ್ತಿತ್ತು. ಅವರು ಮೈ ತುಂಬಿದೆ ಎಂದುಕೊಂಡದ್ದೆಲ್ಲ ನೀರು. ಇಂಥ ಮಗು ಮನೆಗೆ ಹೋದರೆ ಉಳಿಯುವುದಿಲ್ಲ.

ಅಳತೆಯ ಹಲಗೆ ಹಾಸಿ ನೀಲಿಯನ್ನು ಅಂಗಾತ ಮಲಗಿಸಿದೆ. ಬೇರೆ ಮಕ್ಕಳಿಗಾದರೆ ಮಾತಿಲ್ಲದೆ ಅಳೆದು ಎತ್ತಿಕೊಡುತ್ತಿದ್ದೆ. ಇವರು ನಮ್ಮವರಲ್ಲವೇ ಎಂದು, ಸಡಗರದಿಂದ, ನಮ್ಮೂರ ಕನ್ನಡದಲ್ಲೇ ಬಿಡಿಸಿ ಹೇಳಿದೆ. "ತಲಿ ಹಿಡೀರಿ ಅಜ್ಜಿ, ನೆತ್ತಿಯಿಂದ ಹಿಮ್ಮಡದ ತನಕ ಉದ್ದ ನೋಡತೀನಿ."

ನಮ್ಮ ಮಂದಿಯಲ್ಲಿ ಮಲಗಿದವರ ಉದ್ದ ನೋಡುವುದು ಒಂದೇ ಸಲ, ಕುಣಿ ತೋಡುವ ಮುನ್ನ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಮಲಗಿದ ಮಗುವಿನ ಪಕ್ಕ ಹಗ್ಗ ಹಾಕಿದ್ದಕ್ಕೇ ನನ್ನವ್ವ ನನಗೆ ಬಾರಿಸಿದ್ದಳು. ಆದರೂ ಮುಂಬೈಯ ಹಲಗೆ ಕೈಗೆ ಬಂದ ಮೇಲೆ ಅದು ತಲೆಯಿಂದ ಹೋಗಿಬಿಟ್ಟಿತ್ತು.

ಗಂಗವ್ವ ಚೀರಿದಳು. "ಹೆಣದ ಅಳತಿ ತಗೀಲಾಕತ್ತಿಯೇನ ರಂಡೇ! ಬ್ಯಾರೇದಾಕಿ ಮಾಡಿದ್ರ ತಿಳೀಲಾರದಾಕಿ ಅಂತಿದ್ದೆ, ನೀ ನಮ್ಮಾಕಿ ಆಗಿ!"

ಬೀರಪ್ಪ ಮಗುವನ್ನು ಹೆಂಡತಿಯ ಮಡಿಲಿಗೆ ದೂಡಿ ಹಲಗೆ ಕಿತ್ತುಕೊಂಡ. "ಮಂದಿ ಮಕ್ಕಳನ್ನ ಬಾವಿಗೆ ದೂಡಿ ಆಳ ನೋಡ್ತಿಯೇನ?" ಎಂದು ಬೀಸಿದ. ಅದರ ಅಂಚು ನನ್ನ ಹುಬ್ಬಿಗೆ ಬಿತ್ತು. ಕಣ್ಣೊಳಗೆ ರಕ್ತ ಇಳಿಯಿತು. ಔಷಧದ ಟ್ರಾಲಿ ಉರುಳಿ ಗಾಜು ಚೂರಾಯಿತು. ಅಷ್ಟರಲ್ಲಿ ಸೆಕ್ಯೂರಿಟಿಯವರು ನುಗ್ಗಿ ಅವನನ್ನು ಕೆಡವಿದರು. ಬಿದ್ದವನಿಗೆ ಬೂಟುಗಾಲಿನಿಂದ ಒದ್ದರು, ಲಾಠಿಯಿಂದ ಬೆನ್ನು ಬಡಿದರು. ತಲೆ ಒಡೆದರೂ ನಿಲ್ಲಿಸಲಿಲ್ಲ. ಹೊಡೆಯಲಿ, ಇನ್ನೂ ಹೊಡೆಯಲಿ ಎಂದು ನನಗೂ ಅನಿಸಿತು. ಅನಿಸಿದ್ದನ್ನು ಮುಚ್ಚಿಡಲಾರೆ.

ಆಗ ನೀಲಿಯ ಕಡೆ ಕಣ್ಣು ಹೋಯಿತು. ಅಪ್ಪ ಒದೆ ತಿಂದು ಕೂಗುತ್ತಿದ್ದಾನೆ, ಅಜ್ಜಿ ಎದೆ ಬಡಿದುಕೊಳ್ಳುತ್ತಿದ್ದಾಳೆ, ಮಗು ಅಳುತ್ತಿಲ್ಲ. ಬೆದರಿ ತಾಯಿಯನ್ನು ಅಪ್ಪಿಕೊಳ್ಳಲೂ ಇಲ್ಲ. ಅಳುವುದಕ್ಕೂ ಮೈಯಲ್ಲಿ ಅನ್ನ ಇರಬೇಕು.

"ಬಸ್! ಛೋಡೋ ಉಸಕೊ!" ಎಂದು ಕೂಗಿ ಒಬ್ಬನ ಲಾಠಿ ಹಿಡಿದೆ. ಸುರೇಖಾತಾಯಿ ನನ್ನ ಹುಬ್ಬಿಗೆ ಬಟ್ಟೆ ಒತ್ತಿ, "ಪೊಲೀಸ್ ಕೇಸ್ ಕರೂಯಾ" ಎಂದರು. ಕೇಸು ಹಾಕೋಣ ಎಂದು. ಬಿಸಿತುಪ್ಪದ ಹಾಗಾಯಿತು ನನಗೆ. ಅವನು ಸ್ಟೇಷನ್ನಿಗೆ ಹೋದರೆ ಹೆಂಗಸರು ಮಗುವನ್ನೆತ್ತಿಕೊಂಡು ಊರಿನ ರೈಲು ಹತ್ತುತ್ತಾರೆ. ಆ ತಾಯಿ ಆಗಲೇ ಮಗುವನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ರೈಲು ಸೊಲ್ಲಾಪುರ ಮುಟ್ಟುವಷ್ಟರಲ್ಲಿ ಅವಳ ಸೆರಗಿನಲ್ಲಿ ಹೆಣವಿರುತ್ತದೆ.

"ಕೇಸ್ ಬೇಡ" ಎಂದೆ. ಗಂಗವ್ವನ ಮುಂದೆ, ಗಾಜು ಗುಡಿಸಿರದ ಆ ನೆಲದ ಮೇಲೆ, ಅಂಗಾತ ಮಲಗಿದೆ. "ಅಳೀರಿ ಅಜ್ಜಿ. ಅಳದ್ರ ಸಾಯ್ತಾರಂದ್ರ ನಾ ಸಾಯ್ತೀನಿ. ಕೂಸನ್ನ ಮಾತ್ರ ಬಿಟ್ಟು ಹೋಗ್ರಿ."

ಅವಳು ಮನಸ್ಸು ಕರಗಿ ಅಳುತ್ತಾಳೆ ಎಂದು ನಾನು ಎಣಿಸಿದ್ದೆ. ಗಂಗವ್ವ ಅಂಥ ಮೆದು ಹೆಂಗಸಲ್ಲ. ಕೂತಳು. ನನ್ನ ನೆತ್ತಿಗೆ ಹೆಬ್ಬೆರಳೂರಿ, ಗೇಣಿನ ಮೇಲೆ ಗೇಣಿಟ್ಟು, ಬಾಯಲ್ಲಿ ಎಣಿಸುತ್ತ, ಹಿಮ್ಮಡದವರೆಗೂ ಅಳೆದಳು. ಇಟ್ಟಿಗೆ ಹೊತ್ತ ಆ ಬೆರಳು ಎದೆಯ ಮೇಲೆ ಬಂದಾಗ ನರ್ಸಿಂಗ್ ಓದಿದ್ದು, ಪಾಸಾದದ್ದು ಯಾವುದೂ ನೆರವಿಗೆ ಬರಲಿಲ್ಲ. ನಾನು ಖರೆಯಾಗಿ ಹೆದರಿದೆ.

"ಆತು," ಎಂದು ಎದ್ದಳು. "ಕೂಸಿಗೇನಾರ ಆದ್ರ ನೀನೂ ಅದರ ಹಿಂದ."

ನೀಲಿ ವಾರ್ಡಿನಲ್ಲಿ ಉಳಿದುಕೊಂಡಳು. ಬೀರಪ್ಪನ ತಲೆಗೂ ನನ್ನ ಹುಬ್ಬಿಗೂ ಹೊಲಿಗೆ ಹಾಕಿದ್ದು ಒಬ್ಬರೇ ಡಾಕ್ಟರು. ಹಸಿದ ಮಗುವಿಗೆ ಒಮ್ಮೆಲೇ ಹೊಟ್ಟೆ ತುಂಬಿಸಿದರೆ ಎದೆಬಡಿತವೇ ನಿಂತುಹೋಗಬಹುದು, ಹಾಗಾಗಿ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಔಷಧದ ಹಾಲು ಕುಡಿಸುತ್ತಿದ್ದೆ. ಊತ ಇಳಿಯತೊಡಗಿತು. ಗಲ್ಲ ಬತ್ತಿ ಪಕ್ಕೆಲುಬು ಎದ್ದವು, ತೂಕವೂ ಇಳಿಯಿತು. ಬೀರಪ್ಪ ಮತ್ತೆ ಮುಷ್ಟಿ ಬಿಗಿದು ಬಂದ. "ತಂದಾಗ ಹ್ಯಾಂಗಿದ್ಳು! ಉಪವಾಸ ಕೆಡವಿ ಒಣಗಿಸೀರಿ!"

"ಹೊಡಿತಿಯೇನ? ಹೊಡಿ," ಎಂದೆ. "ಈಗ ಕಾಣಲಾಕತ್ಯಾಳಲ್ಲ, ಇಕಿ ನಿನ್ನ ಮಗಳು. ಮೊದಲಿದ್ದದ್ದು ನೀರು."

ಅವನು ಮಗಳನ್ನು ನೋಡುತ್ತ ನಿಂತ. ಮುಷ್ಟಿ ಬಿಚ್ಚಿ, ತನ್ನ ಕೆನ್ನೆಗೇ ಪಟಪಟನೆ ಹೊಡೆದುಕೊಂಡ. ತಡೆಯಲು ನನಗೆ ಮನಸ್ಸಾಗಲಿಲ್ಲ, ಅವನ ಹೆಂಡತಿ ತಡೆದಳು.

ಅದಾದ ಕೆಲವು ದಿನಕ್ಕೆ, ಹಾಲು ಕುಡಿಸಲು ಹೋದಾಗ ನೀಲಿ ನನ್ನ ಕೈ ಕಚ್ಚಿದಳು. ಹಲ್ಲು ನಾಟಿ ರಕ್ತ ಬರುವಂತೆ ಕಚ್ಚಿ, ಚಮಚ ಒದ್ದು, ಇಡೀ ವಾರ್ಡು ತಿರುಗಿ ನೋಡುವ ಹಾಗೆ ಅತ್ತಳು. ಸುರೇಖಾತಾಯಿ ಓಡಿಬಂದರು. ನಾನು ಕೈ ಹಿಡಿದುಕೊಂಡು ನಗುತ್ತಿದ್ದೆ. ಮುಂಬೈಯಲ್ಲಿ ತಿಂದ ಅಷ್ಟೂ ಪೆಟ್ಟುಗಳಲ್ಲಿ ಸುಖ ಕೊಟ್ಟದ್ದು ಅದೊಂದೇ.

ಬಿಡುಗಡೆಯ ದಿನ ಅವರು ಹೊರಟದ್ದು ಮತ್ತೆ ಅದೇ ಬಿಲ್ಡಿಂಗಿಗೆ. ಮೊಟ್ಟೆ, ಶೇಂಗಾ, ಬೇಳೆ ತಿನ್ನಿಸಿರಿ ಎಂದೆಲ್ಲ ಹೇಳಿದೆ. ಮೂವರೂ ಇಟ್ಟಿಗೆ ಹೊರಲು ಹೋದರೆ ಅವನ್ನು ಅಲ್ಲಿ ಯಾರು ಬೇಯಿಸಬೇಕು? ಗಂಗವ್ವ ಬಾಗಿಲವರೆಗೆ ಹೋದವಳು ತಿರುಗಿ ಬಂದು, ಎದುರಿಗೆ ನಿಂತು, ದನಿ ತಗ್ಗಿಸಿ ಕೇಳಿದಳು. "ಅಲ್ಲವಾ, ನಾ ಅಳದ್ದು ಫಲಿಸಿದ್ರ, ನಿನ್ನ ಎಲ್ಲಿ ಮಣ್ಣ ಮಾಡ್ತಾರ? ಊರಿಗೆ ಒಯ್ತಾರೇನು?"

ಶಾಪವಲ್ಲ ಅದು. ಆ ಚಿಂತೆಯಲ್ಲಿ ಅವಳಿಗೆ ನಿದ್ದೆ ಬಂದಿರಲಿಲ್ಲವಂತೆ. ಊರಿನಲ್ಲಿ ನನ್ನನ್ನು ಈಗ ಕರೆಯುವುದು ಮುಂಬೈ ನರ್ಸ್ ಎಂದು. ಇಲ್ಲಿನವರಿಗೆ ನಾನು ಕಾನಡಿ ಸಿಸ್ಟರ್, ಕನ್ನಡದ ನರ್ಸ್.

"ಊರಾಗ ಅಂತನಾರ ಅನ್ನು," ಗಂಗವ್ವ ನನ್ನ ಕೈ ಅಲುಗಿಸಿದಳು. "ಇಲ್ಲೇ ಅಂದ್ರ ನನಗ ತ್ರಾಸ ಆಗ್ತದವ್ವ."

"ಊರಾಗ" ಎಂದೆ. ಅವಳು ಸಮಾಧಾನದಿಂದ ಹೋದಳು. ನನಗೆ ಮಾತ್ರ ಅದು ನಿಜ ಎಂದು ಇಂದಿಗೂ ಅನಿಸಿಲ್ಲ.