ಖಾಲಾ ಹೊಲಿದ ಅಂಚು

ಗಾಜಿಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ನಾಲ್ಕು ಹೆಂಗಸರು ಕೌದಿ ಹೊಲಿಯಲು ಕೂಡುತ್ತಿದ್ದರು. ನನ್ನ ಅಪ್ಪನ ತಾಯಿ, ನಾವೆಲ್ಲ ಆಯಿ ಎಂದು ಕರೆಯುತ್ತಿದ್ದವಳು, ಗೋಡೆಗೆ ಬೆನ್ನು ಹಚ್ಚಿ ಕೂಡುವಳು. ಅವಳ ಎದುರಿಗೆ ಹಿಂದಿನ ಓಣಿಯ ದರ್ಜಿಯ ಹೆಂಡತಿ. ಉರ್ದುವಿನಲ್ಲಿ ಚಿಕ್ಕಮ್ಮನಿಗೆ ಅನ್ನುವಂತೆ ಅವಳನ್ನು ನಾನು ಖಾಲಾ ಎನ್ನುತ್ತಿದ್ದೆ. ಒಂದು ಮಗ್ಗುಲಿಗೆ ನಮ್ಮವ್ವ, ಇನ್ನೊಂದು ಮಗ್ಗುಲಿಗೆ ಪಕ್ಕದ ಮನೆಯ ಮುದುಕಿ. ಮುದುಕಿಯ ಕಣ್ಣು ಮಂಜಾಗಿದ್ದವು, ಅವಳ ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ನನ್ನದು. ನಿಜಾಮರ ರಾಜ್ಯ ಮುಗಿಯುತ್ತ ಬಂದ ದಿನಗಳು. ನನಗೆ ಹತ್ತು ವರ್ಷವಿರಬೇಕು.

ಹೊಲಿಯುತ್ತ ಹೊಲಿಯುತ್ತ ಅವರು ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಿದ್ದರು. ಅಡಿಗೆ ಗಟ್ಟಿ ಸೀರೆ ಹಾಸಬೇಕು, ನಡುವೆ ಸವೆದ ಧೋತರ, ಮೇಲೆ ಬಣ್ಣದ ತುಂಡು ಎಂದು ಆಯಿ ಹೇಳುವಳು. ಅಂಚಿನಿಂದ ಹೊಲಿಯುತ್ತ ನಡುವಿಗೆ ಬರಬೇಕು, ಹತ್ತು ಹೊಲಿಗೆಗೊಮ್ಮೆ ಅಂಗೈಯಿಂದ ಸವರಬೇಕು, ಇಲ್ಲದಿದ್ದರೆ ಕೌದಿಯ ಹೊಟ್ಟೆ ಉಬ್ಬುತ್ತದೆ. ಖಾಲಾ ದಾರವನ್ನು ಮೇಣಬತ್ತಿಯ ತುಂಡಿನ ಮೇಲೆ ಎಳೆದು ತಿಕ್ಕುತ್ತಿದ್ದಳು. ಹಾಗೆ ಮಾಡಿದರೆ ದಾರ ಸಿಕ್ಕಾಗುವುದಿಲ್ಲ ಎಂಬುದು ನಮ್ಮ ಮನೆಯವರಿಗೆ ಗೊತ್ತಾದದ್ದೇ ಅವಳಿಂದ. ಗಂಡನ ಅಂಗಡಿಯಲ್ಲಿ ಉಳಿದ ಶೇರವಾನಿಯ ತುಂಡು, ಮಖಮಲ್ಲಿನ ಚಿಂದಿ, ಸಾಟಿನ್ನಿನ ಚೂರು ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿ ತರುತ್ತಿದ್ದಳು. ಆಯಿ ಆ ಗಂಟು ಬಿಚ್ಚಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವಳು.

ನನ್ನ ಸೋದರತ್ತೆಯನ್ನು ಕಮಲಾಪುರಕ್ಕೆ ಕೊಟ್ಟಿದ್ದರು. ಅವಳು ಚೊಚ್ಚಲ ಬಸುರಿಯಾಗಿ ಹೆರಿಗೆಗೆ ನಮ್ಮ ಮನೆಗೆ ಬಂದಾಗ, ಹುಟ್ಟುವ ಕೂಸಿಗೆಂದು ಒಂದು ಕೌದಿ ಹಾಕಿದರು. ಅದರ ಅಂಚನ್ನು ತಾನೇ ಹೊಲಿಯುತ್ತೇನೆಂದು ಖಾಲಾ ಕೇಳಿ ತೆಗೆದುಕೊಂಡಳು. ನಾಲ್ಕೂ ಕಡೆ ಹೆಬ್ಬೆರಳಿನ ಉಗುರಿನಷ್ಟು ಸಣ್ಣ ಮೂರು ಮೂಲೆಯ ತುಂಡುಗಳ ಸಾಲು. ಒಂದೊಂದನ್ನೂ ಮಡಿಸಿ, ಬೆರಳಿನಿಂದ ಒತ್ತಿ, ಹೊಲಿಯಬೇಕು. ಅವಳು ದಾರಕ್ಕೆ ಗಂಟು ಹಾಕುತ್ತಿರಲಿಲ್ಲ.

"ಗಂಟ ಹಾಕಬ್ಯಾಡ ಬೇಟೀ, ಕೂಸಿನ ಮೈ ಎಳೀದು, ಚುಚ್ಚತದ. ಎರಡು ಹೊಲಿಗಿ ಹಿಂದ ತಗೊಂಡು ಬಿಟ್ಟುಬಿಡು, ದಾರ ತಾನs ನಿಲ್ಲತದ," ಎಂದು ನನಗೂ ತೋರಿಸಿಕೊಟ್ಟಳು.

ಅಂಚು ಅರ್ಧವಾಗಿದ್ದಾಗ ಪೊಲೀಸ್ ಆ್ಯಕ್ಷನ್ ಆಯಿತು. ನಿಜಾಮರನ್ನು ಇಳಿಸಲು ಭಾರತದ ಮಿಲಿಟರಿ ಬಂತೆಂದು ಕೆಲವರು ಕುಣಿದರು, ಕೆಲವರು ಬಾಗಿಲು ಹಾಕಿಕೊಂಡರು. ಅದರ ಹಿಂದೆಯೇ ಆದದ್ದನ್ನು ಮಕ್ಕಳ ಮುಂದೆ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ದರ್ಜಿಯ ಅಂಗಡಿಯನ್ನು ಯಾರೋ ಒಡೆದರು, ಹೊಲಿಗೆ ಯಂತ್ರ ಹೋಯಿತು. ಅವರು ಮನೆಯ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿಕೊಂಡು ಕೂತರು. ಹಿತ್ತಲ ಗೋಡೆಯಾಚೆಯೇ ಅವರ ಮನೆ. ಆಯಿ ದಿನಾ ಮುಂಜಾನೆ ರೊಟ್ಟಿ, ಪಲ್ಯ ಕಟ್ಟಿ ಆ ಗೋಡೆಯ ಮೇಲಿಂದ ಇಳಿಬಿಡುತ್ತಿದ್ದಳು. ಅಪ್ಪ ಒಮ್ಮೆ, "ಯಾರರ ನೋಡಿದ್ರ?" ಎಂದ. "ನೋಡ್ಲಿ. ನಮ್ಮ ರೊಟ್ಟಿ ನಾವು ಯಾರಿಗರ ಕೊಡ್ತೀವಿ," ಎಂದಳು ಆಯಿ.

ಹದಿನೈದಿಪ್ಪತ್ತು ದಿನವಾದ ಮೇಲೆ ಅದೇ ಗೋಡೆಯ ಮೇಲಿಂದ ಕೌದಿ ಈಚೆ ಬಂತು. ಬಾಗಿಲು ಹಾಕಿಕೊಂಡ ಮನೆಯಲ್ಲಿ ಕೂತು ಖಾಲಾ ಅಂಚು ಮುಗಿಸಿದ್ದಳು. ಹಸಿರು ಸಾಟಿನ್ನು, ಕಪ್ಪು ಶೇರವಾನಿ, ಹಸಿರು, ಕಪ್ಪು. ಆಯಿ ಅದನ್ನು ತೊಡೆಯ ಮೇಲೆ ಹರವಿಕೊಂಡು ಬಹಳ ಹೊತ್ತು ಕೂತಿದ್ದಳು.

ಅತ್ತೆ ಗಂಡು ಹೆತ್ತಳು. ಕಮಲಾಪುರದಿಂದ ಬಂದ ಸುದ್ದಿ ಮಾತ್ರ ಒಳ್ಳೆಯದಿರಲಿಲ್ಲ. ಪೊಲೀಸ್ ಆ್ಯಕ್ಷನ್ನಿಗೆ ಮೊದಲು ನಿಜಾಮರ ಕಡೆಯವರು ನಡೆಸಿದ ಹಾವಳಿಯಲ್ಲಿ ಅತ್ತೆಯ ಭಾವನಿಗೆ ಪೆಟ್ಟು ಬಿದ್ದು ಒಂದು ಕೈ ಎತ್ತಲು ಬಾರದಂತಾಗಿತ್ತು. ಬಾಣಂತಿ ಕೋಣೆಯಲ್ಲಿ ಅತ್ತೆ ಅವ್ವನ ಮುಂದೆ ಅಳುವುದು ನನಗೆ ಕೇಳಿಸಿತು.

"ವೈನಿ, ಈ ಕೌದಿ ಹ್ಯಾಂಗ ಒಯ್ಲಿ? ಯಾರು ಹೊಲದಾರಂತ ನಮ್ಮತ್ತಿ ಕೇಳಿದ್ರ ಏನ ಹೇಳ್ಲಿ? ಮಗನ ಕೈ ಹೋಗ್ಯಾದ ಅವರಿಗೆ. ಎತ್ತಿ ಅಂಗಳಕ್ಕ ಒಗೀತಾರ."

"ಹಂಗ ಏನೂ ಆಗಲ್ಲ, ಸುಮ್ಮಕಿರು," ಎಂದಳು ಅವ್ವ.

ಅತ್ತೆಯೆಂದರೆ ನನಗೆ ಜೀವ. ಚಿಕ್ಕಂದಿನಿಂದ ಅವಳ ಪಕ್ಕದಲ್ಲೇ ಮಲಗಿದವಳು ನಾನು. ಮರುದಿನ ಆಯಿ ಮತ್ತು ಅಪ್ಪ ಬೀಗರ ಮನೆಯ ಸ್ಥಿತಿ ನೋಡಿಬರಲು ಕಮಲಾಪುರಕ್ಕೆ ಹೋದರು. ಅವ್ವನಿಗೆ ಬಾಣಂತಿಯ ಕೆಲಸವೇ ಮುಗಿಯುತ್ತಿರಲಿಲ್ಲ. ನಾನು ಕೌದಿ ಎತ್ತಿಕೊಂಡು ಹಿತ್ತಲ ಬಚ್ಚಲ ಮನೆಗೆ ಹೋದೆ.

ಸೂಜಿಯ ಮೊನೆಯಿಂದ ಹೊಲಿಗೆ ಎಬ್ಬಿಸಿ ಎಳೆದೆ. ಗಂಟಿಲ್ಲದ ದಾರ, ತಡೆಯುವುದೇನೂ ಇರಲಿಲ್ಲ. ಕೂಸಿಗೆ ಚುಚ್ಚಬಾರದೆಂದು ಆಕೆ ಹೊಲಿದ ರೀತಿಯೇ ನನ್ನ ಕೆಲಸವನ್ನು ಸಲೀಸು ಮಾಡಿತು. ಎರಡು ಮಧ್ಯಾಹ್ನದಲ್ಲಿ ನಾಲ್ಕೂ ಕಡೆ ಮುಗಿಯಿತು. ತುಂಡುಗಳನ್ನು ನೀರೊಲೆಗೆ ಹಾಕಿದೆ. ಸಾಟಿನ್ನು ಸುಟ್ಟ ವಾಸನೆಗೆ ಅವ್ವ ಒಳಗಿನಿಂದ, "ಏನು ಸುಡ್ತಿಯೇ?" ಎಂದು ಕೂಗಿದಳು. "ಚಿಂದಿ" ಎಂದೆ. ಅದೊಂದು ನಿಜ ಹೇಳಿದೆ.

ಅತ್ತೆ ಕೌದಿ ನೋಡಿ ನನ್ನ ಮುಖ ನೋಡಿದಳು. ಅದನ್ನು ಕೂಸಿನ ಮೇಲೆ ಹೊದಿಸಿದಳು. ಅವಳಿಗೆ ಹಗುರಾಯಿತೆಂದು ನನಗೆ ತಿಳಿಯಿತು. ನಾನು ದೊಡ್ಡ ಕೆಲಸ ಮಾಡಿದೆನೆಂದು ಆ ಹೊತ್ತಿಗೆ ಹೆಮ್ಮೆಯೂ ಆಯಿತು.

ಮೂರನೇ ದಿನ ಆಯಿ ಬಂದಳು. ಕೈಕಾಲು ತೊಳೆದು ಒಳಗೆ ಬಂದವಳೇ ಕೌದಿ ನೋಡಿದಳು. "ಅಂಚೆಲ್ಲಿ?" ಎಂದಳು. ಅವಳ ದನಿಗೆ ನನ್ನ ಹೆಮ್ಮೆ ಇಳಿದುಹೋಯಿತು. ಬಾಯಿಗೆ ಬಂದದ್ದು ಹೇಳಿದೆ.

"ಖಾಲಾ ಗ್ವಾಡಿ ಮ್ಯಾಲಿಂದ ಕೌದಿ ಇಸಕೊಂಡು ಅಂಚು ಬಿಚ್ಚಕೊಂಡಳು. ನನ್ನ ಅರಿವಿ ನನಗಿರಲಿ ಅಂದಳು."

ಆಯಿ ನನ್ನನ್ನೇ ನೋಡಿದಳು. ಬೇರೆ ಕಾಲದಲ್ಲಾಗಿದ್ದರೆ ಆ ಮಾತನ್ನು ಅವಳು ನಂಬುತ್ತಿರಲಿಲ್ಲ. ಆದರೆ ಅಂಗಡಿ ಕಳೆದುಕೊಂಡವಳು, ಇಷ್ಟು ದಿನ ಬಾಗಿಲು ಹಾಕಿಕೊಂಡವಳು ನಮ್ಮವರ ಮೇಲೆ ಹಾಗೆ ಸಿಟ್ಟಾಗಿದ್ದರೆ ತಪ್ಪೇನು ಎಂದು ಅವಳಿಗೆ ಅನಿಸಿರಬೇಕು.

"ಅಕಿ ಅರಿವಿ, ಅಕಿ ಒಯ್ದಾಳ," ಎಂದಷ್ಟೇ ಹೇಳಿ, ತನ್ನ ಹಳೆಯ ಕೆಂಪು ಸೀರೆ ಹರಿದು ಪಟ್ಟಿ ಹೊಲಿಯಲು ಕೂತಳು.

ಎಂಟು ದಿನವಾಗಿರಬಹುದು. ಖಾಲಾ ಮೊದಲ ಬಾರಿಗೆ ಮನೆಯಿಂದ ಹೊರಗೆ ಬಂದಳು. ಬುರ್ಖಾದೊಳಗೆ ಅವಳು ಅರ್ಧವಾಗಿದ್ದಳು. ಕೂಸು ನೋಡಲು ಬಂದಿದ್ದಳು, ಕೈಯಲ್ಲಿ ಒಂದು ಪುಟ್ಟ ಕುಲಾವಿ. ಅಂಗಳದ ಹಗ್ಗದ ಮೇಲೆ ಕೌದಿಯನ್ನು ಬಿಸಿಲಿಗೆ ಹಾಕಿದ್ದರು, ಅಲ್ಲಿ ನಾನೊಬ್ಬಳೇ ಇದ್ದೆ. ಅವಳು ಕೌದಿಯ ಹತ್ತಿರ ಹೋಗಿ ಕೆಂಪು ಪಟ್ಟಿಯನ್ನು ಮುಟ್ಟಿದಳು. ತಿರುವಿ ಅಡಿಭಾಗ ನೋಡಿದಳು. ಅಲ್ಲಿ ಅವಳ ಸೂಜಿಯ ತೂತುಗಳು ಸಾಲಾಗಿ ಇನ್ನೂ ಕಾಣುತ್ತಿದ್ದವು.

"ಇದು ಯಾರು ಬಿಚ್ಚಿದ್ರು ಬೇಟೀ?"

ಒಳಗೆ ಆಯಿ ಕೂಸಿಗೆ ಎಣ್ಣೆ ಹಚ್ಚುತ್ತ ಹಾಡುತ್ತಿದ್ದಳು. ನಾನೇ ಎಂದರೆ ಖಾಲಾ ಒಳಗೆ ಹೋಗಿ ಹೇಳುತ್ತಾಳೆ, ನನ್ನ ಮೊದಲಿನ ಸುಳ್ಳು ಹೊರಬೀಳುತ್ತದೆ.

"ಆಯಿ ಬಿಚ್ಚಂದಳು," ಎಂದೆ.

ಅವಳು ಕುಲಾವಿಯನ್ನು ನನ್ನ ಕೈಗೆ ಕೊಟ್ಟಳು. "ಕೂಸಿಗೆ ಹಾಕ್ರಿ. ಇಲ್ಲಂದ್ರ ಬಿಡ್ರಿ," ಎಂದು ಬಂದ ಹಾದಿಯಲ್ಲೇ ಹೋದಳು. ಆ ಕುಲಾವಿಯನ್ನು ನಾನು ಒಳಗೆ ಒಯ್ಯಲಿಲ್ಲ. ಕಟ್ಟಿಗೆ ರಾಶಿಯ ಹಿಂದೆ ತುರುಕಿದೆ.

ಮೂರು ತಿಂಗಳಿಗೆ ಬಾಣಂತಿಯನ್ನು ಕಳಿಸಲು ಆಯಿಯ ಜೊತೆ ನಾನೂ ಕಮಲಾಪುರಕ್ಕೆ ಹೋದೆ. ಹಾದಿಯ ಮಹಾಗಾಂವ ದಾಟಿದಾಗಿನಿಂದ ನನಗೆ ಒಂದೇ ಹೆದರಿಕೆ, ಅತ್ತೆಯ ಅತ್ತೆ ಏನೆನ್ನುತ್ತಾಳೋ ಎಂದು. ಗಾಡಿ ನಿಂತಿತು. ಆ ಮನೆಯ ಕಟ್ಟೆಯ ಮೇಲೆ ಬಳೆ ಮಾರುವ ಮುಸಲ್ಮಾನ ಮುದುಕಿಯೊಬ್ಬಳು ಬಳೆಗಳ ಮಲಾರ ಬಿಚ್ಚಿ ಕೂತಿದ್ದಳು. ಅತ್ತೆಯ ಅತ್ತೆ ಮುಂಗೈ ಅವಳಿಗೆ ಕೊಟ್ಟು ಬಳೆ ಇಡಿಸಿಕೊಳ್ಳುತ್ತಿದ್ದಳು. ಕೂಸನ್ನು ಕಂಡು, "ಮೊದಲ ನೀ ತಗೋ ಬೂಬು, ನಿನ್ನ ಕೈಗುಣ ಚಲೋ ಅದ," ಎಂದಳು. ಮುದುಕಿ ಕೂಸನ್ನು ಕೌದಿ ಸಮೇತ ತೊಡೆಗೆ ತೆಗೆದುಕೊಂಡಳು. ಅತ್ತೆ ತಲೆ ತಗ್ಗಿಸಿ ನಿಂತಳು. ನನ್ನ ಕಡೆ ಅವಳು ನೋಡಲಿಲ್ಲ, ನಾನೂ ನೋಡಲಿಲ್ಲ.

ಅಂದೇ ಆಯಿಗೆ ಹೇಳಬಹುದಿತ್ತು. ವಾಪಸು ಬರುವಾಗ ಗಾಡಿಯಲ್ಲಿ ನಾವಿಬ್ಬರೇ, ಮುಂದೆ ಗಾಡಿ ಹೊಡೆಯುವವನು. ಹೇಳಲೆಂದು ಅವಳ ಕಡೆ ಹೊರಳಿದೆ. ಆಯಿ ಸುಸ್ತಾಗಿ ನನ್ನ ಹೆಗಲಿಗೆ ತಲೆ ಇಟ್ಟು ಮಲಗಿಬಿಟ್ಟಳು. ಎದ್ದ ಮೇಲೆ ಹೇಳುತ್ತೇನೆ ಅಂದುಕೊಂಡೆ, ಹೇಳಲಿಲ್ಲ.

ಪಡಸಾಲೆಯಲ್ಲಿ ಮತ್ತೆ ಕೌದಿ ಹಾಕಿದರು. ಹೊಸದಾಗಿ ಬಂದವಳೊಬ್ಬಳು ಎದುರಿನ ಜಾಗದಲ್ಲಿ ಕೂಡಲು ಹೋದರೆ ಆಯಿ, "ಈ ಕಡೆ ಬಾ, ಅಲ್ಲಿ ಬಿಸಿಲ ಬರತದ," ಎನ್ನುವಳು. ಅಲ್ಲಿ ಬಿಸಿಲು ಬರುತ್ತಿರಲಿಲ್ಲ. ಹಿತ್ತಲ ಗೋಡೆಯ ಆಚೆ ಖಾಲಾ ಕೆಮ್ಮಿದರೆ ಆಯಿಯ ಸೂಜಿ ನಿಲ್ಲುತ್ತಿತ್ತು. ಇಬ್ಬರೂ ಮಾನಿಷ್ಠರು. ತಾನಾಗಿ ಹೋಗಿ ಕೇಳಲು ಇವಳಿಗೆ ಮನಸ್ಸಿಲ್ಲ, ಅವಳಿಗೂ ಇಲ್ಲ. ನಡುವೆ ಒಂದು ಆಳೆತ್ತರದ ಮಣ್ಣಿನ ಗೋಡೆ. ಹೀಗೆ ಆರು ವರ್ಷ ನಡೆಯಿತು, ಆಯಿ ಸಾಯುವವರೆಗೆ.

ಆಯಿ ಹೋದ ಮೂರನೇ ದಿನ ಖಾಲಾ ಬಂದಳು. ಮನೆ ತುಂಬ ಜನ. ಅವಳು ಬಾಗಿಲ ಹತ್ತಿರವೇ ಕೂತು ಅವ್ವನ ಕೈ ಹಿಡಿದುಕೊಂಡಳು.

"ಅಕ್ಕನ ರೊಟ್ಟಿ ತಿಂದು ಬದುಕೀವ್ರಿ ನಾವು. ಅಂಥಾಕಿಗಿ ನಾ ಏನು ತಪ್ಪ ಮಾಡಿದ್ನೋ. ಕೇಳಬೇಕಂದ್ರ ಬಾಯಿ ಬರಲಿಲ್ಲ."

ಅವ್ವನಿಗೆ ಏನೂ ಅರ್ಥವಾಗಲಿಲ್ಲ. ನಾನು ಕಂಬದ ಹಿಂದೆ ನಿಂತಿದ್ದೆ. ಆಗ ನನಗೆ ಹದಿನಾರು ದಾಟಿತ್ತು, ಚಿಕ್ಕವಳೆಂಬ ನೆವವೂ ಉಳಿದಿರಲಿಲ್ಲ. ಇಷ್ಟು ಜನರ ಮುಂದೆ ಹೇಗೆ ಹೇಳಲಿ ಎಂದು ನೀರು ತರುವ ನೆಪದಿಂದ ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಅವಳು ಹೋಗಿದ್ದಳು.

ಮದುವೆಯಾಗಿ, ನನ್ನ ಮೊದಲ ಹೆರಿಗೆಗೆ ತವರಿಗೆ ಬಂದಾಗ ಅವ್ವ ನನ್ನ ಕೂಸಿಗೆ ಕೌದಿ ಹಾಕಿದಳು. ಆ ದಿನ ನನಗೆ ತಡೆಯಲಾಗಲಿಲ್ಲ. ಹಿಂದಿನ ಓಣಿಗೆ ಸುತ್ತು ಹಾಕಿ ಹೋಗಿ ಅವಳ ಬಾಗಿಲು ಬಡಿದೆ. ದರ್ಜಿ ತೀರಿಕೊಂಡಿದ್ದ. ಖಾಲಾ ಒಬ್ಬಳೇ ಚಾಪೆಯ ಮೇಲೆ ಕೂತು ಯಾರದೋ ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದಳು. ಬಸುರಿಯನ್ನು ಕಂಡು ಎದ್ದು ದಿಂಬು ಕೊಟ್ಟಳು. ನಾನು ಕೂತೆ, ಎಲ್ಲ ಹೇಳಿದೆ. ಬಚ್ಚಲ ಮನೆ, ನೀರೊಲೆ, ಆಯಿಗೆ ಹೇಳಿದ್ದು, ಅವಳಿಗೆ ಹೇಳಿದ್ದು, ಕುಲಾವಿಯನ್ನು ಏನು ಮಾಡಿದೆ ಎಂಬುದು. ಹೇಳುತ್ತ ಅಳು ಬಂತು. ಅವಳು ನನ್ನ ಕಣ್ಣೊರೆಸಲಿಲ್ಲ. ಗುಂಡಿ ಹಚ್ಚುವುದನ್ನು ಪೂರ್ತಿ ಮುಗಿಸಿ ದಾರ ಕಡಿದಳು.

"ಅಕ್ಕ ಇದ್ದಾಗ ಹೇಳಬೇಕಿತ್ತವ್ವಾ," ಎಂದಳು. ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟು ಕೇಳಿದಳು, "ಅಕಿಗೂ ನಾ ಹಂಗ ಮಾಡೀನಿ ಅಂತ ಅನಿಸಿತ್ತಾ? ಅದನ್ನ ತಗೊಂಡs ಹೋದಳಾ?"

"ಹೌದ್ರಿ ಖಾಲಾ."

ಅವಳು ಚಹಾ ಮಾಡಲು ಎದ್ದಳು. ಬೇಡವೆಂದರೂ ಕೇಳಲಿಲ್ಲ. ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ, ನಾನೂ ಕೇಳಲಿಲ್ಲ. ಚಹಾ ಕುಡಿದು ಹೊರಟಾಗ ಮೆಟ್ಟಿಲು ಇಳಿಯಲು ನನ್ನ ರಟ್ಟೆ ಹಿಡಿದಳು. ಓಣಿಯ ತಿರುವಿನಲ್ಲಿ ನಾನು ಹೊರಳಿ ನೋಡಿದಾಗ ಅವಳು ಬಾಗಿಲು ಮುಚ್ಚಿಕೊಂಡಿದ್ದಳು. ನನ್ನ ಮಗಳು ಹುಟ್ಟಿದ ಸುದ್ದಿಯನ್ನು ಅವ್ವ ಅವಳಿಗೆ ಹೇಳಿ ಕಳಿಸಿದಳು. ದಿನಾ ಬಾಗಿಲ ಕಡೆ ನೋಡುತ್ತಿದ್ದೆ. ಖಾಲಾ ಬರಲಿಲ್ಲ.