‘ತಗ್ಗು’ ಎಂದು ಕೂಗಿದ ದಿನ

ಓದುಗರಿಗೆ ನಮಸ್ಕಾರ. ಮೂವತ್ತು ದಾಟಿದ ಮೇಲೆ ಹತ್ತನೇ ತರಗತಿ ಪಾಸಾದವನು ನಾನು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಶಾಖಪಟ್ನಂನಲ್ಲಿ ಕಟ್ಟಡ ಕೆಲಸಕ್ಕಿದ್ದಾಗ ನಮ್ಮ ತಂಡದವರೆಲ್ಲ ಕೊಪ್ಪಳದ ಕಡೆಯವರೇ ಆಗಿದ್ದರಿಂದ ನಾಲ್ಕು ವರ್ಷವಾದರೂ ನನಗೆ ತೆಲುಗು ಹತ್ತಲಿಲ್ಲ. ಆಮೇಲೆ ವಿಜಯವಾಡದ ಪಟಮಟಕ್ಕೆ ಸೂಪರ್‌ವೈಸರ್ ಆಗಿ ಬಂದೆ. ಅಲ್ಲೊಂದು ಶಾಲೆಯ ಮೈದಾನದಲ್ಲಿ ಮಳೆ ಬಂದರೆ ಮೊಣಕಾಲುದ್ದ ನೀರು. ಬೇಸಿಗೆಯಲ್ಲಿ ಅದೇ ಶಾಲೆಯ ಬೋರು ಒಣಗುತ್ತಿತ್ತು. ನಿಂತ ನೀರನ್ನು ನೆಲಕ್ಕೇ ಇಳಿಸಲು ಇಂಗುಗುಂಡಿ ತೋಡಿ, ಒಳಗೆ ದೊಡ್ಡ ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಕೂರಿಸುವುದು ನಮ್ಮ ಕೆಲಸ.

ನಮ್ಮ ಗಾರೆ ಕೆಲಸದವರು ಒಬ್ಬ ತೆಲುಗು ಹಿರಿಯರು. ತಾಯಿ ಬಳ್ಳಾರಿಯವರಾದ್ದರಿಂದ ಅವರಿಗೆ ಮುರುಕು ಕನ್ನಡ ಬರುತ್ತಿತ್ತು. ಅಂದು ಮಧ್ಯಾಹ್ನ ಅವರು ಗುಂಡಿಯ ತಳದಲ್ಲಿ ಜಲ್ಲಿ ಹರಡುತ್ತಿದ್ದರು. ಮೋಡ ಕವಿದಿತ್ತು, ಎಲ್ಲರಿಗೂ ಅವಸರ. ಅವರು ಮೇಲೆ ಬರುವ ಮೊದಲೇ, ತೆಲುಗು ಬಿಟ್ಟು ಬೇರೆ ಭಾಷೆ ಬಾರದ ಕ್ರೇನಿನವನು ರಿಂಗ್ ಎತ್ತಿ ಗುಂಡಿಯ ನೇರಕ್ಕೆ ತಂದ. ನಾನೂ ತಡೆಯಲಿಲ್ಲ. ಅಷ್ಟರಲ್ಲಿ ಕ್ರೇನಿನ ಹಿಂದಿನ ಚಕ್ರ ಪಕ್ಕದ ಇನ್ನೊಂದು ಗುಂಡಿಯ ಅಂಚಿಗೆ ಜಾರುವುದು ಕಂಡಿತು.

“ತಗ್ಗು! ತಗ್ಗು!” ಎಂದು ಕೂಗಿದೆ. ನಮ್ಮ ಕಡೆ ತಗ್ಗು ಎಂದರೆ ಗುಂಡಿ.

ರಿಂಗ್ ಇಳಿಯತೊಡಗಿತು. ಗಾಬರಿಯಲ್ಲಿ ಇನ್ನೂ ಜೋರಾಗಿ ಕೂಗಿದೆ. ಅದು ಇನ್ನೂ ಬೇಗ ಇಳಿಯಿತು. ಕೆಳಗಿನಿಂದ ಅವರು ಅರಚಿದ್ದು ಎಂಜಿನ್ ಸದ್ದಿನಲ್ಲಿ ಕ್ರೇನಿನವನಿಗೆ ಕೇಳಿಸುವಂತಿರಲಿಲ್ಲ. ‘ನಿಲ್ಲಿಸು’ ಎನ್ನಲು ತೆಲುಗು ಬಾಯಿಗೆ ಬರಲಿಲ್ಲ. ತಲೆಯ ಹೆಲ್ಮೆಟ್ ಕಿತ್ತು ಕ್ರೇನಿನ ಗಾಜಿಗೆ ಬೀಸಿ ಎಸೆದೆ.

ನಿಂತಿತು. ಬಗ್ಗಿ ನೋಡಿದೆ. ಅವರು ನಟ್ಟನಡುವೆ ಕೈಗಳನ್ನು ಮೈಗೆ ಅಂಟಿಸಿಕೊಂಡು ನಿಂತಿದ್ದರು. ರಿಂಗು ಎದೆಮಟ್ಟದಲ್ಲಿ ಅವರ ಸುತ್ತ ತೂಗುತ್ತಿತ್ತು. ಒಂದು ಭುಜದ ಚರ್ಮ ಸುಲಿದಿತ್ತು. ಚಕ್ರವೂ ಅಂಚಿಗೆ ಒಂದು ಗೇಣು ಈಚೆ ನಿಂತಿತ್ತು.

“ಮೀರೇ ಕದಾ ತಗ್ಗು ಅನ್ನಾರು!” ನೀವೇ ತಾನೇ ಅಂದಿದ್ದು ಎಂದು ಕ್ರೇನಿನವನು ನನ್ನ ಮೇಲೆ ಹರಿಹಾಯ್ದ. ತೆಲುಗಿನಲ್ಲಿ ತಗ್ಗು ಎಂದರೆ ಇಳಿ, ಕಡಿಮೆಯಾಗು.

ಮೇಲೆ ಬಂದ ಹಿರಿಯರು ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತರು. “ಏನ್ ಸಾರೂ, ನೀರು ಇಂಗಿಸ್ರಿ ಅಂದ್ರೆ ನನ್ನೇ ಇಂಗಿಸ್ತಿದ್ರಲ್ಲಾ!”

“ತಪ್ಪಾತ್ರೀ ಅಣ್ಣಾರ,” ಎಂದೆ. ಅವರು ನಗುತ್ತಲೇ ಬೀಡಿ ಹಚ್ಚಿದರು.

ಗುಂಡಿಯಲ್ಲಿ ಜನರಿದ್ದಾಗ ರಿಂಗ್ ಎತ್ತುವಂತಿಲ್ಲ. ಮೇಲೆತ್ತಲು ‘ಎತ್ತು’, ಇಳಿಸಲು ‘ದಿಂಚು’, ನಿಲ್ಲಿಸಲು ‘ಆಪು’ ಎಂಬ ಮೂರೇ ತೆಲುಗು ಮಾತು, ಜೊತೆಗೆ ಕೈಸನ್ನೆ. ಮರುದಿನ ಬೆಳಿಗ್ಗೆ ಹೀಗೆ ಗೊತ್ತುಮಾಡಿಕೊಂಡೆವು. ಆದರೂ ಆ ಹಿರಿಯರು ಏಣಿಯ ಮೇಲೇ ನಿಂತು, “ಆಪು ಅನ್ರಿ ಸಾರೂ, ಕೇಳೋಣ,” ಎಂದು ನನ್ನಿಂದ ಮೂರು ಸಲ ಹೇಳಿಸಿಕೊಂಡೇ ಕೆಳಗಿಳಿದರು.

ಪರಭಾಷೆಯವರ ನಡುವೆ ದುಡಿಯುವವರೇ, ನಿಮಗೂ ಒಂದು ಮಾತು ಹೀಗೆ ಕೈಕೊಟ್ಟಿದ್ದರೆ ಬರೆದು ತಿಳಿಸಿ.